ಜುಲೈಕಾರ ಅಕ್ಕಿ ಸೇರು

ಪಾಣೆಮಂಗಳೂರಿನ ಹಳೆಯ ಪುರಭವನದ ಕಸ ಗುಡಿಸುತ್ತಿದ್ದ ಜುಲೈಕಾರಿಗೆ ಸಿಟ್ಟು ಬಂದರೆ ನೇತ್ರಾವತಿಯ ಮೀನುಗಳು ಬೆಂದು ಮೇಲೆ ತೇಲುತ್ತಿದ್ದವು. ಮಸಾಲೆ ಮಾತ್ರ ನಾವು ಹಾಕಿಕೊಳ್ಳಬೇಕಿತ್ತು. ೨೦೦೧ರ ರಂಜಾನಿನಲ್ಲಿ ಬಂದ ಸಿಟ್ಟಿಗೆ ಮಸಾಲೆಯೂ ಬೇಕಿರಲಿಲ್ಲ.

ಪುರಭವನದ ಮಾಳಿಗೆಯಲ್ಲಿ ವಸ್ತುಸಂಗ್ರಹಾಲಯ ಶುರುವಾದದ್ದು ತೊಂಬತ್ತನಾಲ್ಕರಲ್ಲಿ. ಊರವರು ನಿಂತ ಗಡಿಯಾರ, ಹಲ್ಲುದುರಿದ ಬಾಚಣಿಗೆ ತಂದು ಸುರಿದರು. ಜುಲೈಕಾ ಕೊಟ್ಟದ್ದು ಅಜ್ಜಿಯ ಹಿತ್ತಾಳೆ ಸೇರು. ರಂಜಾನ್ ಮುಗಿಯುವ ಪೆರ್ನಾಲ್ ಹಬ್ಬದ ಮುನ್ನಾದಿನ ಕೇರಿಯ ನಲವತ್ತು ಮನೆಯವರೂ ಬಡವರಿಗೆ ಕೊಡುವ ಫಿತ್ರ್ ಅಕ್ಕಿಯನ್ನು ಅದರಲ್ಲೇ ಅಳೆಯುತ್ತಿದ್ದರು. ಹಾಗಾಗಿ ವರ್ಷಕ್ಕೊಂದು ದಿನ ಅದು ಮನೆಗೆ ಬರಬೇಕೆಂದು ಷರತ್ತು. ಆಗಿನ ಅಧಿಕಾರಿ ಬಾಯಿಮಾತಿನಲ್ಲಿ ಒಪ್ಪಿದರು, ಆ ಮಾತು ಉಳಿಸಿಕೊಂಡರು ಕೂಡ.

೨೦೦೧ರಲ್ಲಿ ಹೊಸ ಅಧಿಕಾರಿ ಬಂದವರೇ ಸೇರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದರು. ಮುಂದೊಂದು ಚೀಟಿ: 'ರಾಣಿಯ ಹೂದಾನಿ'.

ಹಬ್ಬದ ಮುನ್ನಾದಿನ ಮಧ್ಯಾಹ್ನ ಜುಲೈಕಾ ಆ ಅಧಿಕಾರಿಯೆದುರು ನಿಂತರು.

"ಸಾರ್, ಸೇರು ಕೊಡಿ. ಅಕ್ಕಿ ಅಳೆಯಲಿಕ್ಕುಂಟು."

"ಅದು ಪುರಾತನ ವಸ್ತು ಜುಲೈಕಮ್ಮ, ಮುಟ್ಟಬಾರದು. ಅರ್ಜಿ ಕೊಡಿ, ಮಂಗಳೂರಿಗೆ ಕಳಿಸುವ."

"ಉತ್ತರ ಬರುವಾಗ ನಾನೇ ಪುರಾತನ ಆಗಿರ್ತೇನೆ."

"ಅಂಗಡಿಯಲ್ಲಿ ಬೇರೆ ಸೇರು ಸಿಗ್ತದಲ್ಲ?"

"ಹೂದಾನಿಯೂ ಸಿಗ್ತದೆ ಸಾರ್. ನಿಮ್ಮ ರಾಣಿಗೆ ಒಂದು ತೆಗೆದುಕೊಡಿ!"

ಅಷ್ಟು ಹೇಳಿ ಇಳಿದು ಹೋದವರು ಮರಳಿ ಬಂದದ್ದು ಕೇರಿಯ ಹೆಂಗಸರೊಂದಿಗೆ. ಎಲ್ಲರ ತಲೆಯ ಮೇಲೂ ಅಕ್ಕಿ ಮೂಟೆ. ಮುಂದೆ ನಬೀಸಾ, ಆಕೆ ಹಿಂಬಾಗಿಲಿಂದ ಹತ್ತಿದರೆ ಬಸ್ಸಿನ ಮುಂದಿನ ಚಕ್ರ ಗೇಣುದ್ದ ಏಳುತ್ತಿತ್ತು.

"ಸೇರು ಹೊರಗೆ ಬರುವುದಿಲ್ಲವಂತೆ. ಅಕ್ಕಿ ಒಳಗೆ ತಂದಿದ್ದೇವೆ," ಎಂದರು ಜುಲೈಕಾ.

"ಬೀಗ ತೆಗೀತೀರೋ ಮಾರಾಯ್ರೆ," ನಬೀಸಾ ಗಾಜಿನ ಪೆಟ್ಟಿಗೆಯತ್ತ ನೋಡಿದರು, "ನಾನು ಇದರ ಮೇಲೆ ಕೂತುಕೊಳ್ಳಲೋ? ನೋಂಬಿನ ಉಪವಾಸದಲ್ಲಿ ಕಾಲು ಸೋತಿದೆ."

ಅಧಿಕಾರಿಯ ಕೈಯಿಂದ ಕೀಲಿಕೈ ತಾನಾಗಿಯೇ ಜಾರಿತು. ಮಾಳಿಗೆಯಲ್ಲೇ ಅಳತೆ ನಡೆದು, ಸಂಜೆಯೊಳಗೆ ಬಡವರ ಮನೆಗಳಿಗೆ ಅಕ್ಕಿ ಮುಟ್ಟಿತು.

"ಇನ್ನು ವಾಪಸ್ ಇಡುವ," ಅಧಿಕಾರಿ ಕೈ ಚಾಚಿದರು.

"ನಾನು ಕೊಟ್ಟದ್ದು ಒಂದು ಮಾತಿನ ಮೇಲೆ. ಮಾತು ನೀವು ಮುರಿದಿರಿ. ಸೇರು ನನ್ನದು."

ಸೆರಗಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟರು. ನೋಟಿಸು ಬಂತು, ಅದರಲ್ಲಿ ಒಲೆ ಹೊತ್ತಿಸಿದರು. ಕೆಲಸವನ್ನೇನೂ ಬಿಡಲಿಲ್ಲ. ಇಡೀ ಪುರಭವನವನ್ನು ಕನ್ನಡಿಯಾಗುವಂತೆ ಗುಡಿಸಿದರು, ಆ ಅಧಿಕಾರಿಯ ಕೋಣೆಯೊಂದನ್ನು ಬಿಟ್ಟು. ಮೂರು ವರ್ಷದ ಮೇಲೆ ಅವರಿಗೆ ವರ್ಗವಾದಾಗ, ಧೂಳಿನಡಿ ಅವರ ಮೇಜನ್ನು ಹುಡುಕಲು ಇಬ್ಬರು ಹಾರೆ ಹಿಡಿಯಬೇಕಾಯಿತು.