ಜಾಗ ತಿಳಿಸಿಲ್ಲ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ಇಪ್ಪತ್ತಮೂರು ವರ್ಷದಿಂದ ಕೂತಿರುವ ಹೆಂಗಸನ್ನು ಎಲ್ಲರೂ ಕೋಡ್ ಮೇಡಂ ಎಂದೇ ಕರೆಯುತ್ತಾರೆ. ಡಾಕ್ಟರು ಫೈಲಿನಲ್ಲಿ ಗೀಚಿದ್ದನ್ನು ಓದಿ, ಪ್ರತಿ ಕಾಯಿಲೆಗೂ ಅದರದೇ ಕೋಡ್ ಸಂಖ್ಯೆ ಹುಡುಕಿ, ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಹೊಟ್ಟೆ ನೋವೆಂದರೆ ನಮಗೆ ನಿಮಗೆ ಒಂದೇ ನೋವು. ಅವಳ ಪುಸ್ತಕದಲ್ಲಿ ಬಲಕ್ಕೆ ಕೆಳಗಿನದಕ್ಕೊಂದು, ಎಡಕ್ಕೆ ಮೇಲಿನದಕ್ಕೊಂದು, ಹೊಕ್ಕುಳ ಸುತ್ತಲಿನದಕ್ಕೊಂದು ಸಂಖ್ಯೆ. ಎಲ್ಲಿ ನೋವೆಂದು ಡಾಕ್ಟರು ಬರೆಯದಿದ್ದರೆ ಅದಕ್ಕೂ ಒಂದು ಸಂಖ್ಯೆ ಇದೆ: ಜಾಗ ತಿಳಿಸಿಲ್ಲ. ಡಾಕ್ಟರು ಬರೆಯದ್ದನ್ನು ಅವಳು ತಾನಾಗಿ ಸೇರಿಸುವ ಹಾಗಿಲ್ಲ.

ಮೊದಮೊದಲು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ‘ನೋವು ಯಾವ ಕಡೆ?’ ಎಂದು ಚೀಟಿ ಬರೆದು ಮೇಲಿನ ಮಹಡಿಗೆ ಕಳಿಸುತ್ತಿದ್ದಳು. ಡಾಕ್ಟರುಗಳಿಗೆ ಆ ಚೀಟಿ ಕಂಡರೆ ಮೈಯುರಿ. ಉತ್ತರವಿಲ್ಲದ ಫೈಲುಗಳು ಕಿಟಕಿ ಮುಚ್ಚುವಷ್ಟು ಎತ್ತರ ಬೆಳೆದವು. ಆರು ವರ್ಷದ ಹಿಂದೆ ಅವಳಿಗೇ ತಲೆ ಚಿಟ್ಟು ಹಿಡಿದು, ಒಂದು ಉಪಾಯ ಹೂಡಿದಳು: ಡಾಕ್ಟರು ಕಂಪ್ಯೂಟರಿನಲ್ಲಿ ಹೊಟ್ಟೆ ನೋವಿನ ಫಾರಂ ತೆರೆದಾಗಲೇ ‘ಜಾಗ ತಿಳಿಸಿಲ್ಲ’ ಎಂಬಲ್ಲಿ ಗುರುತು ಬಿದ್ದಿರಲಿ, ಬೇಕಾದ ಡಾಕ್ಟರು ಬದಲಾಯಿಸಿಕೊಳ್ಳಲಿ. ತಾನಾಗಿ ಬಿದ್ದ ಗುರುತನ್ನು ಯಾವ ಡಾಕ್ಟರು ಬದಲಾಯಿಸುತ್ತಾರೆ, ಹೇಳಿ. ಒಂದೇ ತಿಂಗಳಲ್ಲಿ ಕಿಟಕಿ ಕಾಣಿಸಿತು. ಸೂಪರಿಂಟೆಂಡೆಂಟರು ಬೆನ್ನು ತಟ್ಟಿ ಒಂದು ಗೋಡೆ ಗಡಿಯಾರ ಕೊಟ್ಟರು.

ಗಡಿಯಾರವನ್ನು ಮನೆಯಲ್ಲಿ ತೂಗುಹಾಕಿದವಳು ಅಕ್ಕ. ಅಮ್ಮ ಹೋದ ಮೇಲೆ ಇವಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳೂ ಅವಳೇ. ತಂಗಿಗೆ ಐವತ್ತಾದರೂ ಅವಳ ಬಾಯಲ್ಲಿ ಇನ್ನೂ ಪುಟ್ಟಿ. ಹೊಲಿಗೆ ಮೆಷಿನ್ನಿನ ಮುಂದೆ ಕೂತು ಶಾಲೆಯ ಅಂಗಿಗಳಿಗೆ ಕಾಲರ್ ಹೊಲಿಯುತ್ತಾ, ಬಂದವರಿಗೆಲ್ಲ ಗಡಿಯಾರ ತೋರಿಸಿ, ನಮ್ಮ ಪುಟ್ಟಿ ಇಲ್ಲದಿದ್ದರೆ ಆ ಆಸ್ಪತ್ರೆ ನಡೆಯುವುದೇ ಇಲ್ಲ ಎನ್ನುತ್ತಿದ್ದಳು.

ಒಂಬತ್ತು ತಿಂಗಳ ಹಿಂದೆ ಅಕ್ಕನಿಗೆ ಹೊಟ್ಟೆ ನೋವು ಶುರುವಾಯಿತು. ತಂಗಿ ಗ್ಯಾಸ್ ಇರಬೇಕು ಎಂದಳು. ಅವಳ ಆಸ್ಪತ್ರೆಯ ಡಾಕ್ಟರೂ ಹಾಗೇ ಎಂದರು. ನಾಲ್ಕು ಸಲ ಹೋದರೂ ಅದೇ ಮಾತ್ರೆ. ಕೊನೆಯ ಸಲ ಸ್ಕ್ಯಾನಿಗೆ ಬರೆದರು, ಸರದಿ ಹನ್ನೊಂದು ವಾರದ ಆಚೆಗೆ ಸಿಕ್ಕಿತು. ಕಾಯುತ್ತಿರುವಾಗಲೇ ಅಕ್ಕನ ಬಳೆ ಮೊಣಕೈವರೆಗೆ ಸರಿದಾಡುತ್ತಿತ್ತು.

ಯಾಕಿಷ್ಟು ತಡ ಎಂದು ತಂಗಿ ಸ್ಕ್ಯಾನ್ ಕೋಣೆಯವನನ್ನು ವಿಚಾರಿಸಿದಾಗ ಅವನು ಸರದಿಯ ಪಟ್ಟಿ ತೋರಿಸಿದ. ಪಟ್ಟಿ ಮಾಡುವುದು ಕಂಪ್ಯೂಟರು. ನೋವಿನ ಜಾಗ ಗೊತ್ತಿರುವವರು ಮೊದಲು, ಗೊತ್ತಿಲ್ಲದವರು ಕೊನೆಗೆ. ಅವಳು ಕೆಳಗೆ ಬಂದು ಅಕ್ಕನ ಫೈಲು ತೆಗೆದಳು. ನಾಲ್ಕು ಭೇಟಿ, ನಾಲ್ಕು ಕಡೆಯೂ ಅವಳದೇ ಗುರುತು.

ಆ ಸಂಜೆ ಮೊದಲ ಸಲ ಮನೆಯಲ್ಲಿ ಕೇಳಿದಳು: “ಅಕ್ಕ, ನೋವು ಎಲ್ಲಿ ಬರುತ್ತೆ? ಬೆರಳಿಟ್ಟು ತೋರಿಸು.”

ಅಕ್ಕ ಎಡಪಕ್ಕೆಯ ಕೆಳಗೆ ಹೆಬ್ಬೆರಳೂರಿ, ಇಲ್ಲಿ ಹಿಡಿದು ಬೆನ್ನಿಗೆ ಹೋಗುತ್ತದೆ ಎಂದಳು. ಒಂದು ಸಲವೂ ಬೆರಳು ತಡಕಾಡಲಿಲ್ಲ.

“ಡಾಕ್ಟ್ರಿಗೆ ಇದನ್ನ ಹೇಳ್ಲಿಲ್ವಾ?”

“ಯಾರೂ ಕೇಳ್ಲಿಲ್ಲ ಕಣೇ. ನೀನೂ ಈಗ್ಲೇ ಕೇಳ್ತಿರೋದು.”

ಎಷ್ಟೋ ವರ್ಷ ಊರವರ ನೋವಿನ ಜಾಗ ಕೇಳಿ ಚೀಟಿ ಕಳಿಸಿದವಳು, ಒಂದೇ ಸೂರಿನಡಿ ಇರುವ ಅಕ್ಕನನ್ನು ಕೇಳಿರಲಿಲ್ಲ. ಗುರುತಿನ ಕಥೆಯನ್ನೆಲ್ಲ ಹೇಳಿಕೊಂಡು ಅತ್ತಳು. ಅಕ್ಕನಿಗೆ ಎಷ್ಟು ಅರ್ಥವಾಯಿತೋ ಏನೋ, ಗಡಿಯಾರದ ಕಡೆ ಒಮ್ಮೆ ನೋಡಿ, ಕಾಲರ್ ಮಡಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಡಾಕ್ಟರು ಗುರುತು ಬದಲಾಯಿಸಿದರು, ಪಾಪ, ಒಂದೇ ಮಾತಿಗೆ. ಮೂರನೇ ದಿನ ಸ್ಕ್ಯಾನ್ ಆಯಿತು. ಮೇದೋಜೀರಕದ ಗೆಡ್ಡೆ, ಯಕೃತ್ತಿಗೂ ಹರಡಿದೆ. ಕೆಲವು ತಿಂಗಳು ಮೊದಲೇ ಬಂದಿದ್ದರೆ ಕತ್ತರಿಸಿ ತೆಗೆಯಬಹುದಿತ್ತೇನೋ, ಈಗ ಮಾಡುವುದೇನೂ ಉಳಿದಿಲ್ಲ ಎಂದರು. ಅವಳು ಸೂಪರಿಂಟೆಂಡೆಂಟರ ಬಳಿ ಹೋಗಿ ಆ ಗುರುತನ್ನು ಫಾರಮಿನಿಂದಲೇ ತೆಗೆಸಿ ಎಂದು ಬೇಡಿಕೊಂಡಳು. ಅವರು ಕನ್ನಡಕ ತೆಗೆದು, “ಚೆನ್ನಾಗಿ ನಡೀತಿರೋದನ್ನ ಯಾಕೆ ಕೆದಕ್ತೀರಿ ಮೇಡಂ?” ಎಂದರು. ಗುರುತು ಇದ್ದಲ್ಲೇ ಇದೆ.

ವಾರ್ಡಿನಲ್ಲಿ ಎಂಟು ದಿನ ಇಟ್ಟುಕೊಂಡು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಫೈಲು ಮುಗಿಯದೆ ರೋಗಿಯನ್ನು ಬಿಡುವಂತಿಲ್ಲ, ಆ ದಿನ ಅದನ್ನು ಮುಗಿಸಲು ಅವಳ ಹೊರತು ಯಾರೂ ಇರಲಿಲ್ಲ. ಈ ಸಲ ಡಾಕ್ಟರು ಒಂದನ್ನೂ ಬಿಡದೆ ಬರೆದಿದ್ದರು: ಎಡಕ್ಕೆ, ಮೇಲ್ಭಾಗದಲ್ಲಿ, ಬೆನ್ನಿಗೆ ಹರಡುವ ತೀವ್ರ ನೋವು. ಅವಳು ಗೆಡ್ಡೆಯ ಸಂಖ್ಯೆ ಹಾಕಿದಳು. ಕೆಳಗಿನ ಸಾಲಿನಲ್ಲಿ ನೋವಿನ ಸಂಖ್ಯೆಯನ್ನೂ ಹಾಕಿದಳು, ಜಾಗ ಸಮೇತ.

ಪರದೆ ಆ ಸಾಲನ್ನು ಕೆಂಪಾಗಿ ತೋರಿಸಿತು. ಕಾರಣ ಗೊತ್ತಾದ ಮೇಲೆ ನೋವನ್ನು ಬೇರೆಯಾಗಿ ಬರೆಯುವ ಹಾಗಿಲ್ಲ. ಆ ನಿಯಮವನ್ನು ಹೊಸಬರಿಗೆ ಕಲಿಸುತ್ತಿದ್ದವಳೇ ಅವಳು. ಆ ಸಾಲನ್ನು ಅಳಿಸಿದಳು. ಫೈಲು ಮುಚ್ಚಿಕೊಂಡಿತು.

ಮೂರನೇ ಮಹಡಿಯಲ್ಲಿ ಅಕ್ಕ ಸೀರೆ ಬದಲಾಯಿಸಿಕೊಂಡು, ಪಕ್ಕೆಯ ಕೆಳಗೆ ಹೆಬ್ಬೆರಳು ಒತ್ತಿಕೊಂಡು, ಪುಟ್ಟಿ ಬರುವುದನ್ನು ಕಾಯುತ್ತಿದ್ದಳು.