ಸುಣ್ಣದ ಗೆರೆಯ ಮೇಲೆ ಬೀರಪ್ಪ ಮಿಸ್ತ್ರಿ

ನಮ್ಮ ಕಾರಿನ ಬ್ರೇಕು ಹಿಡಿಯದೆ ಹೋದದ್ದರ ಫಲವನ್ನು ಅನುಭವಿಸಿದವಳು ಇಂಗಳೇಶ್ವರದ ನೀಲವ್ವ. ಕಾರನ್ನು ದಾನ ಕೊಟ್ಟ ವ್ಯಾಪಾರಿಯಲ್ಲ, ಓಡಿಸಿದ ಸಂಗಪ್ಪನಲ್ಲ, ಹಿಂದೆ ಕುಳಿತು ‘ಬೇಗ, ಬೇಗ’ ಎಂದು ಅವಸರಿಸಿದ ನಾನೂ ಅಲ್ಲ. ಬಸುರಿಯರನ್ನು ಬಸವನ ಬಾಗೇವಾಡಿಯ ದವಾಖಾನೆಗೆ ಸಾಗಿಸಲೆಂದು ನಾವು ಹನ್ನೊಂದು ಹೆಂಗಸರು ಮಂಡಳಿ ಕಟ್ಟಿ ಪಡೆದಿದ್ದ ಹಳೆಯ ವಿದೇಶಿ ಕಾರು ಅದು. ಎಪ್ಪತ್ತೆರಡರ ಬರಗಾಲದ ಕಾಮಗಾರಿಯಲ್ಲಿ ರಸ್ತೆ ಹಾಕಿಸಿದವರು ಹಳ್ಳಕ್ಕೆ ಸೇತುವೆ ಕಟ್ಟಿಸದೆ ಬಿಟ್ಟಿದ್ದರು. ಕಳೆದ ಶ್ರಾವಣದಲ್ಲಿ, ಅರ್ಧ ಗಾಲಿ ಮುಳುಗುವ ನೀರನ್ನು ದಾಟಿ, ಮುಂದಿನ ಇಳಿಜಾರಿನಲ್ಲಿ ಸಂಗಪ್ಪ ಬ್ರೇಕು ತುಳಿದ. ಕಾರು ನಿಲ್ಲಲಿಲ್ಲ. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ನೀಲವ್ವನ ಬಲಗಾಲು ಮುರಿಯಿತು. ಒಳಗಿದ್ದ ಬಸುರಿಗೆ ಸುಖವಾಗಿ ಹೆರಿಗೆಯಾಯಿತು. ನಾವು ಸಕ್ಕರೆ ಹಂಚಿದೆವು. ನೀಲವ್ವ ಇಂದಿಗೂ ಕೋಲೂರಿ ನಡೆಯುತ್ತಾಳೆ.

ಬೀರಪ್ಪ ಮಿಸ್ತ್ರಿಯವರನ್ನು ನಾನು ಕಂಡದ್ದು ಈ ಅಪರಾಧದ ಬೆನ್ನಿಗೆ. ಅವರು ತಾಂಬಾದ ಕುರಿಗಾರರ ಮನೆತನದವರು. ಸೊಲ್ಲಾಪುರದಲ್ಲಿ ಗಾಡಿ ರಿಪೇರಿಯ ಕೆಲಸ ಕಲಿತು ಸಿಂದಗಿಯಲ್ಲಿ ತಗಡಿನ ಶೆಡ್ಡು ಹಾಕಿದ್ದರು. ನಾವು ಹೋದಾಗ ಅವರು ಶೆಡ್ಡಿನ ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆಳೆದ ಸುಣ್ಣದ ಗೆರೆಯ ಮೇಲೆ ನಿಂತಿದ್ದರು. ಮುದ್ದೇಬಿಹಾಳದವರೊಬ್ಬರ ಜೀಪು ನೇರವಾಗಿ ಅವರತ್ತಲೇ ಧಾವಿಸುತ್ತಿತ್ತು. “ಹಾಕ್ರಿ ಬ್ರೇಕ!” ಎಂದರು. ಜೀಪು ಮೊಳದಷ್ಟು ದೂರದಲ್ಲಿ ನಿಂತಿತು. ಬ್ರೇಕಿನ ಕೆಲಸಕ್ಕೆ ಬಂದ ಯಾವ ಗಾಡಿಯನ್ನೂ ಅವರು ಈ ಪರೀಕ್ಷೆಯಿಲ್ಲದೆ ಹೊರಗೆ ಬಿಡುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

“ಹೆದರಿಕಿ ಆಗಂಗಿಲ್ಲೇನ್ರಿ?” ಎಂದು ಕೇಳಿದೆ.

“ಆಗತೈತ್ರಿ ಅಕ್ಕೋರ. ಆ ಹೆದರಿಕಿಗೇ ನಟ್ ಎರಡ ಸಲಾ ಬಿಗೀತೇನಿ.”

ಅವರ ಹಿಂದಿನ ಗೋಡೆಯ ತುಂಬ ಇದ್ದಿಲಿನ ಬರಹವಿತ್ತು. ಯಾವ ಗಾಡಿಯಲ್ಲಿ ತಮ್ಮಿಂದ ಏನು ತಪ್ಪಾಯಿತೆಂದು ಒಂದೊಂದು ಸಾಲು. ಪ್ರತಿ ಸಾಲಿನ ಕೊನೆಗೆ ‘ತಪ್ಪು: ಬೀರಪ್ಪ’. ಗಿರಾಕಿಗಳು ಓದಲೆಂದೇ ಬರೆದದ್ದು. ತಪ್ಪನ್ನು ಮುಚ್ಚುವ ಕಚೇರಿಗಳಿಗೆ ಅರ್ಜಿ ಬರೆದು ಬರೆದು ಬೇಸತ್ತಿದ್ದ ನಾನು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತೆ.

ನಮ್ಮ ಕಾರಿನ ಗಾಲಿ ಬಿಚ್ಚಿ ಅವರು ಬ್ರೇಕಿನ ಡ್ರಮ್ಮನ್ನು ತೋರಿಸಿದರು. “ಇದು ಮುಚ್ಚಿದ ಗಡಗಿ ಇದ್ದಂಗ್ರಿ. ನೀರು ಹೊಕ್ಕರ ಒಳಗ ಕುಂದರತೈತಿ. ಗಾಲಿ ಹಿಡಿಯೋ ಲೈನರ್ ತೋಯ್ದಮ್ಯಾಗ ನೀವು ಎಷ್ಟ ತುಳದ್ರೂ ಜಾರತೈತಿ. ಡಿಸ್ಕ್ ಅಂದ್ರ ತೆರೆದ ಹಂಚು. ತಿರುಗಿದ್ರ ನೀರು ಸಿಡದು ಹೋಗತೈತಿ.”

ಸೊಲ್ಲಾಪುರದ ಗುಜರಿಯಲ್ಲಿ ಅದೇ ಜಾತಿಯ ಹೊಸ ಕಾರೊಂದು ಜಜ್ಜಿಹೋಗಿ ಬಿದ್ದಿತ್ತು. ಅದರ ಮುಂದಿನ ಎರಡು ಡಿಸ್ಕುಗಳನ್ನು ತಂದರು. ಅವುಗಳನ್ನು ಕೂರಿಸುವ ಉಕ್ಕಿನ ಪಟ್ಟಿಗಳನ್ನು ತಾವೇ ಕತ್ತರಿಸಿ, ಅರದಿಂದ ಉಜ್ಜಿ, ಅಳೆದು, ಬಿಸಾಕಿ, ಮತ್ತೆ ಕತ್ತರಿಸಿದರು. ಆ ಪಟ್ಟಿ ಸೀಳಿದರೆ ಇನ್ನೊಬ್ಬ ನೀಲವ್ವ ಎಂಬ ಚಿಂತೆ ನನ್ನನ್ನು ಬಿಡಲಿಲ್ಲ. ಅವರನ್ನೂ ಬಿಟ್ಟಿರಲಿಲ್ಲವೆಂಬುದು ಅವರು ಬಿಸಾಕಿದ ಪಟ್ಟಿಗಳ ರಾಶಿಯಿಂದಲೇ ತಿಳಿಯುತ್ತಿತ್ತು.

ಮೊದಲ ದಿನ ಇಂಡಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಬ್ರೇಕು ತುಳಿಯದಿದ್ದರೂ ಮುಂದಿನ ಗಾಲಿಗಳು ಬಿಗಿದು ಕಾದಿದ್ದವು. ಮಿಸ್ತ್ರಿ ಮಾಸ್ಟರ್ ಸಿಲಿಂಡರನ್ನು ಬಿಚ್ಚಿ, ಕಡಲೆಯಷ್ಟು ಸಣ್ಣ ಕವಾಟವೊಂದನ್ನು ಅಂಗೈಯಲ್ಲಿಟ್ಟು ತೋರಿಸಿದರು. ಕಾಲು ತೆಗೆದ ಮೇಲೂ ಆಯಿಲಿನ ಒತ್ತಡವನ್ನು ತುಸು ಹಿಡಿದಿಡುವ ಕವಾಟ ಅದು; ಡ್ರಮ್ಮಿಗೆ ಬೇಕು, ಡಿಸ್ಕಿಗೆ ಬೇಡ. “ಡ್ರಮ್ಮಿನ ಚಾಳಿ ಡಿಸ್ಕಿನ ಕೊರಳಿಗೆ ಕಟ್ಟಿದ್ನಲ್ರಿ,” ಎಂದು ಎದ್ದುಹೋಗಿ ಗೋಡೆಯ ಮೇಲೆ ಅದನ್ನೂ ಬರೆದರು. ತಪ್ಪು: ಬೀರಪ್ಪ.

ಕವಾಟ ತೆಗೆದ ಮೇಲೆ ನಿಜವಾದ ಪರೀಕ್ಷೆ. ಊರ ಹೊರಗಿನ ಹಳ್ಳದಲ್ಲಿ ಕಾರನ್ನು ಇಳಿಸಿ ದಾಟಿಸಬೇಕು. ಆಚೆಯ ಇಳಿಜಾರಿನಲ್ಲಿ ಗೆರೆ, ಗೆರೆಯ ಮೇಲೆ ಮಿಸ್ತ್ರಿ. ಸಂಗಪ್ಪ ಕೀಲಿಯನ್ನು ನನ್ನ ಕೈಗಿಟ್ಟು ಮಿಸ್ತ್ರಿಯತ್ತ ತಿರುಗಿದ.

“ನಾ ಒಲ್ಲೆ ಕಾಕಾ. ಒಂದ ಸಲಾ ಆಗೇತಿ, ಸಾಕು.”

“ಹಂಗಾರ ಅಕ್ಕೋರ ಓಡಸ್ತಾರ. ಮಂದೀಗೆ ಅರ್ಜಿ ಕೊಡೋರು ಒಮ್ಮೆ ಬ್ರೇಕೂ ಕೊಡ್ಲಿ!” ಎಂದು ಮಿಸ್ತ್ರಿ ನಕ್ಕರು.

ಸಂಗಪ್ಪನಿಂದ ತುಸು ಕಲಿತಿದ್ದ ನಾನು ಓಡಿಸಿದೆ. ನೀರು ಬಾಗಿಲಿಗೆ ಬಡಿಯಿತು. ದಿಬ್ಬ ಹತ್ತಿ ಇಳಿಯುವಾಗ ಕಂಡದ್ದು ಅವರ ಬಿಳಿ ಧೋತರವೊಂದೇ. ಪೆಡಲ್ ಕಲ್ಲಿನಂತೆ ಗಟ್ಟಿಯಿತ್ತು. ಎರಡೂ ಕಾಲಿಟ್ಟು ತುಳಿದೆ. ಕಾರು ನಿಂತಿತು. ಕಣ್ಣು ತೆರೆದಾಗ ಅವರು ಬಂಪರಿನಿಂದ ಗೆರೆಯವರೆಗೆ ಬೆರಳು ಬಿಡಿಸಿ ಅಳೆಯುತ್ತಿದ್ದರು.

“ಎರಡು ಗೇಣು ಉಳದೈತ್ರಿ. ನನ್ನ ಹೇಣ್ತಿಗೆ ಹೇಳಬ್ಯಾಡ್ರಿ.”

ಆಮೇಲೆ ಗಾಲಿಯ ಬಳಿ ಕುಳಿತು ಪ್ರತಿ ನಟ್ಟನ್ನೂ ಮತ್ತೊಮ್ಮೆ ಬಿಗಿದರು.

ಇಷ್ಟಾದ ಮೇಲೆ, ಬದಲಿಸಿದ ಬ್ರೇಕಿಗೆ ಒಪ್ಪಿಗೆ ಪಡೆಯಲು ಕಾರನ್ನು ವಾಹನ ತಪಾಸಣೆಯ ಕಚೇರಿಗೆ ಒಯ್ದೆವು. ಸಾಹೇಬರು ಕುರ್ಚಿಯಿಂದ ಏಳಲಿಲ್ಲ. “ಕಾರಿನ ಪುಸ್ತಕದಾಗ ಡ್ರಮ್ ಅಂತ ಐತಿ. ಡ್ರಮ್ಮೇ ಹಾಕ್ಕೊಂಡು ಬರ್ರಿ.” ಕೈಯಿಂದ ಕತ್ತರಿಸಿದ ಪಟ್ಟಿಯನ್ನು ಸರ್ಕಾರ ಅನುಮಾನಿಸುವುದು ನ್ಯಾಯವೇ. ನೋಡದೆ, ಓಡಿಸದೆ, ಲಿಖಿತ ಕಾರಣ ಕೊಡದೆ ನಿರಾಕರಿಸುವುದು ಅನ್ಯಾಯ. ಮಿಸ್ತ್ರಿ ಕೈಮುಗಿದೇ ಹೇಳಿದರು: “ಡ್ರಮ್ ಹಾಕತೇನ್ರಿ ಸಾಹೇಬ್ರ. ಹಾಕಿ, ಹಳ್ಳ ದಾಟಿಸಿ ತರತೇನಿ. ಗೆರಿ ಮ್ಯಾಗ ನೀವು ನಿಂದರ್ರಿ.”

ಸಾಹೇಬರು ಜವಾನನನ್ನು ಕರೆದು ನಮ್ಮನ್ನು ಹೊರಗೆ ಕಳುಹಿಸಿದರು. ಮಿಸ್ತ್ರಿ ಡ್ರಮ್ಮನ್ನು ಮತ್ತೆ ಹಾಕಲಿಲ್ಲ. ಕಾರು ಶೆಡ್ಡಿನಲ್ಲಿ ನಿಂತಿತು. ಅಂದಿನಿಂದ ಬಸುರಿಯರು ಚಕ್ಕಡಿಯಲ್ಲಿ ದವಾಖಾನೆಗೆ ಹೋಗುತ್ತಿದ್ದಾರೆ.

ಸಂಕ್ರಾಂತಿಯ ನಂತರ ಕೊನೆಯ ಸಲ ಅವರನ್ನು ಕಂಡೆ. ಕೆಮ್ಮು ಹತ್ತಿತ್ತು, ಗೋಡೆಯ ಮುಂದೆ ಇದ್ದಿಲು ಹಿಡಿದು ಕುಳಿತಿದ್ದರು. ಹೊಸ ಸಾಲು ಹೀಗಿತ್ತು: ‘ಬಾಗೇವಾಡಿ ಕಾರು. ಬ್ರೇಕ ಹಿಡಿತೈತಿ. ಕಾರು ಹೊಂಡಂಗಿಲ್ಲ. ತಪ್ಪು:’ ಮುಂದೆ ಏನೂ ಇರಲಿಲ್ಲ.

“ಹೆಸರು ಬಿಟ್ಟೀರಲ್ಲ,” ಎಂದೆ.

“ಇದು ನಂದಲ್ರಿ ಅಕ್ಕೋರ. ಅವರು ಬಂದು ಬರೀಲಿ.”

ಹೋಳಿ ಹುಣ್ಣಿಮೆಗೆ ಮೊದಲೇ ಅವರು ತೀರಿಕೊಂಡರು. ಶೆಡ್ಡಿನ ಕೀಲಿಯನ್ನು ಅವರ ಹೆಂಡತಿ ನನಗೆ ಕೊಟ್ಟಿದ್ದಾರೆ. ನೀಲವ್ವನ ಮಗಳು ಈಗ ಆರು ತಿಂಗಳ ಬಸುರಿ. ಹೆರಿಗೆ ಮಳೆಗಾಲದಲ್ಲಿ, ದಾರಿಯಲ್ಲಿ ಅದೇ ಹಳ್ಳ.

ವಾಹನ ತಪಾಸಣೆಯ ಅಧಿಕಾರಿಗಳೇ, ಮೃಗಶಿರಾ ಮಳೆ ಹೂಡುವ ಮೊದಲು ಸಿಂದಗಿಗೆ ಬನ್ನಿ. ಪಟ್ಟಿಗಳನ್ನು ಬಿಚ್ಚಿ ನೋಡಿ, ಕಾರನ್ನು ನೀರಿನಲ್ಲಿ ದಾಟಿಸಿ ಪರೀಕ್ಷಿಸಿ. ಓಡಿಸಲು ಸಂಗಪ್ಪ ಒಪ್ಪಿದ್ದಾನೆ. ಗೆರೆಯ ಮೇಲೆ ನಾನು ನಿಲ್ಲುತ್ತೇನೆ. ಬ್ರೇಕು ಹಿಡಿದರೆ ಪುಸ್ತಕದಲ್ಲಿ ‘ಡಿಸ್ಕ್’ ಎಂದು ಬರೆದು ಸಹಿ ಮಾಡಿ. ಹಿಡಿಯದಿದ್ದರೆ ಕಾರಣವನ್ನು ಕಾಗದದ ಮೇಲೆ ಕೊಡಿ. ಎರಡನ್ನೂ ಮಾಡಲಾರಿರಾದರೆ, ಇದ್ದಿಲು ಆ ಗೋಡೆಯ ಬುಡದಲ್ಲೇ ಇದೆ: ಮಿಸ್ತ್ರಿ ಖಾಲಿ ಬಿಟ್ಟ ಜಾಗದಲ್ಲಿ ನಿಮ್ಮ ಹೆಸರು ಬರೆಯಿರಿ.