ತಮ್ಮನ ಮನೆಯ ಬ್ಯಾರಲ್ ಉಬ್ಬಿದ್ದು

ನನ್ನ ತಮ್ಮ ಕುಡಿಯುವವನು. ಇದನ್ನು ಮುಚ್ಚಿಟ್ಟು ಬರೆದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ.

ಗಣಿ ಕಂಪನಿಯೊಂದರ ಅತಿಥಿಗೃಹದಲ್ಲಿ ಅಡುಗೆ ಮಾಡಿಕೊಂಡಿದ್ದ. ಕೆಲಸ ಬಿಟ್ಟ ಮೇಲೆ ಹೊತ್ತು ಹೋಗದೆ ಸಂಜೆಯಾದರೆ ಬ್ರಾಂದಿ ಅಂಗಡಿಯಲ್ಲಿ ಕೂರತೊಡಗಿದ. ಒಂದು ದಿನ ಬಳ್ಳಾರಿ ಗಾಂಧಿನಗರದಲ್ಲಿ, ಅವನ ಮನೆಗೆ ನಾಲ್ಕು ಮಾರು ಇರುವಾಗ, ಚರಂಡಿಯಲ್ಲಿ ಬಿದ್ದುಕೊಂಡ. ಹೆಂಡತಿಯೇ ಎಬ್ಬಿಸಿ ತಂದಳು. ಅಳಲಿಲ್ಲ, ಬೈಯಲಿಲ್ಲ. "ಇನ್ನೊಮ್ಮೆ ಆ ಅಂಗಡಿ ಮೆಟ್ಟಿಲು ಹತ್ತಿದ್ರ ನಾ ಬಾದನಹಟ್ಟಿಗೆ ಹೋಗ್ತೀನಿ. ಕರಿಯಾಕ ಬರಬ್ಯಾಡ್ರಿ," ಎಂದಳು. ಬಾದನಹಟ್ಟಿ ಅವಳ ತವರು. ಆಡಿದ್ದನ್ನು ಮಾಡುವ ಹೆಣ್ಣು ಅವಳು.

ಆಗ ಇವನಿಗೆ ಅಟ್ಟದ ಮೇಲಿನ ಬ್ಯಾರಲ್ ನೆನಪಾಯಿತು. ಅತಿಥಿಗೃಹದಲ್ಲಿದ್ದ ಪರದೇಶದ ಇಂಜಿನಿಯರ್ ಒಬ್ಬ ತನ್ನ ಬೀರನ್ನು ತಾನೇ ಮಾಡಿಕೊಳ್ಳುತ್ತಿದ್ದನಂತೆ. ಊರಿಗೆ ಹೋಗುವಾಗ ಬ್ಯಾರಲ್ಲನ್ನು ಇವನಿಗೆ ಕೊಟ್ಟುಹೋದ. ಕಂದು ಬಣ್ಣದ ದಪ್ಪ ಪ್ಲಾಸ್ಟಿಕ್, ಬಸುರಿಯ ಹೊಟ್ಟೆಯಂಥ ಮೈ. ಕೆಳಗೆ ನಲ್ಲಿ, ಮೇಲೆ ತಿರುಗಿಸಿ ಬಿಗಿಯುವ ಅಗಲ ಮುಚ್ಚಳ, ಮುಚ್ಚಳದ ನಡುವೆ ಬೆರಳಿನಷ್ಟು ಉದ್ದದ ಹಿತ್ತಾಳೆ ಮೂತಿ. ನಳದ ನೀರು ಬಾರದ ದಿನಕ್ಕೆ ಅದರಲ್ಲಿ ನೀರು ತುಂಬಿಡಬೇಕೆಂದು ಹೆಂಡತಿಗೆ ಆಸೆಯಿತ್ತು. ಇವನು ಕೊಡಲಿಲ್ಲ.

"ಮನಿಯಾಗ ಮಾಡ್ತೀನಿ, ಸಂಜಿಗೆ ಒಂದ ಲೋಟ. ಅಂಗಡಿ ಕಡೆ ತಲಿ ಹಾಕೂದಿಲ್ಲ," ಎಂದ.

"ಮಾಡ್ಕೊರ್ರಿ. ಅಬಕಾರಿಯವ್ರು ಬಂದ್ರ ನೀವ ಜೀಪ್ ಹತ್ರಿ. ಅದರ ಸುದ್ದಿ ಮಾತ್ರ ನನ್ನ ಮುಂದ ತೆಗಿಬ್ಯಾಡ್ರಿ."

ಅವನು ತೆಗೆಯಲಿಲ್ಲ. ಅದೇ ಮುಂದೆ ತೊಂದರೆಯಾಯಿತು.

ಬೇಸಿಗೆಯಲ್ಲಿ ಕಣ್ಣು ತೋರಿಸಲು ನಾನು ಸಿರುಗುಪ್ಪದಿಂದ ಹೋದೆ. ಅಷ್ಟೊತ್ತಿಗೆ ಅವನು ಅಂಗಡಿ ಬಿಟ್ಟು ಬಹಳ ದಿನವಾಗಿತ್ತು. ನಾನು ನಂಬಿರಲಿಲ್ಲ. ಮಾರ್ಕೆಟ್ಟಿನಲ್ಲಿ ಡಾಗು ಬಿದ್ದ ಸೇಬು ಅಗ್ಗಕ್ಕೆ ತಂದು, ತುರಿದು, ಪಂಚೆಯಲ್ಲಿ ಹಿಂಡುತ್ತಿದ್ದ. ಬೇಕರಿಯವರ ಹತ್ತಿರ ಈಸ್ಟ್ ತಂದು ಹಾಕಿ ಬಕೀಟಿನಲ್ಲಿ ಹುಳಿಯಲು ಬಿಡುತ್ತಿದ್ದ. ನೊರೆ ಇಳಿದ ಮೇಲೆ ಬ್ಯಾರಲ್ಲಿಗೆ ಸುರಿದು, ಒಂದಿಷ್ಟು ಸಕ್ಕರೆ ಹಾಕಿ ಮುಚ್ಚಳ ಬಿಗಿಯುತ್ತಿದ್ದ. ಆ ಸಕ್ಕರೆ ಒಳಗೇ ಹುಳಿತು ಗಾಳಿ ಹುಟ್ಟುತ್ತದೆ, ಆ ಗಾಳಿಯೇ ಸೋಡಾದ ಹಾಗೆ ನಾಲಿಗೆಗೆ ಚುರುಕು ಎಂದ. ಬಳ್ಳಾರಿ ಬಿಸಿಲಿಗೆ ಗಾಳಿ ಮಿತಿಮೀರುತ್ತದೆಂದು ಬ್ಯಾರಲ್ಲನ್ನು ಪಡಸಾಲೆಯ ಮೂಲೆಯಲ್ಲಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ.

"ಬಾಣಂತಿಗೂ ಇಷ್ಟು ಮಾಡಿಲ್ಲಲೇ ನೀ," ಎಂದೆ.

"ಬಾಣಂತಿ ನನಗ ಕುಡಿಯಾಕ ಕೊಡ್ತಿದ್ಲೇನಕ್ಕ?"

ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು. ಕೇಳಿಸಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಇವನು ರೂಪನಗುಡಿಯಲ್ಲಿ ಯಾರದೋ ಮದುವೆಗೆ ಹೋದ. ರಾತ್ರಿ ಅಲ್ಲೇ ಉಳಿಯುವವನಿದ್ದ. ನಾನು ಅಕ್ಕಿ ಆರಿಸುತ್ತಿದ್ದೆ. ಬ್ಯಾರಲ್ಲಿನ ಹಿತ್ತಾಳೆ ಮೂತಿ ಸುಸ್ಸ್ ಎಂದಿತು. ಸುಮ್ಮನಾಯಿತು. ಮತ್ತೆ ಸುಸ್ಸ್ ಎಂದಿತು. ತಮ್ಮನ ಹೆಂಡತಿ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು.

"ಅಕ್ಕಾ, ಗಾಳಿ ಸೋರಾಕತ್ತೈತ್ರಿ."

"ಸೋರಲಿ ಬಿಡು. ನಿನಗೇನು?"

"ನನಗೇನು ಅಂದ್ರ? ಗಾಳಿ ಹೋದ್ರ ಸಪ್ಪಗಾಕ್ಕೈತಿ. ಸಪ್ಪಗಾದ್ರ ಇವ್ರು ಮತ್ತ ಅಂಗಡಿ ದಾರಿ ಹಿಡಿತಾರ."

ಹಿತ್ತಲಿಗೆ ಹೋಗಿ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ತಂದಳು. ನಮ್ಮ ಕಡೆ ನಳ ಸೋರಲಿ, ಪೈಪ್ ಒಡೆಯಲಿ, ಟ್ಯೂಬ್ ಕತ್ತರಿಸಿ ಎಳೆದು ಸುತ್ತುವುದೇ ರಿಪೇರಿ. ಅವಳು ಹಲ್ಲಿನಲ್ಲಿ ಒಂದು ತುದಿ ಕಚ್ಚಿ ಹಿಡಿದು, ಆ ಮೂತಿಗೆ ಸುತ್ತಿನ ಮೇಲೆ ಸುತ್ತು ಹಾಕಿ ಗಂಟು ಬಿಗಿದಳು. ಸದ್ದು ನಿಂತಿತು. "ಛಲೋ ಆತು," ಎಂದೆ ನಾನೂ. ಹೆಚ್ಚಾದ ಗಾಳಿ ಹೊರಗೆ ಹೋಗಲೆಂದೇ ಆ ಮೂತಿ ಇಟ್ಟಿದ್ದಾರೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿದ್ದವನು ಮದುವೆ ಊಟಕ್ಕೆ ಹೋಗಿದ್ದ.

ಅವತ್ತು ಗೋಣಿಗೆ ನೀರು ಹಾಕುವವರೂ ಇರಲಿಲ್ಲ. ಮರುದಿನ ಸಂಜೆ ಅವನು ಬಂದಾಗ ಬ್ಯಾರಲ್ ಒಂದು ಕಡೆ ವಾಲಿ ನಿಂತಿತ್ತು. ತಳ ಮಡಕೆಯ ಹಾಗೆ ಗುಂಡಗೆ ಉಬ್ಬಿತ್ತು, ಮುಟ್ಟಿದರೆ ಓಲಾಡುತ್ತಿತ್ತು. ಮೂತಿಯ ಮೇಲಿನ ಟ್ಯೂಬ್ ನೋಡಿದವನೇ, "ದೂರ ಸರೀರಿ ಇಬ್ರೂ!" ಎಂದು ಕೂಗಿದ. ಹಲಗೆ ಅಡ್ಡ ಹಿಡಿದು, ಕೈ ಚಾಚಿ ಕುಡುಗೋಲಿನಿಂದ ಗಂಟು ಕೊಯ್ದ. ಸೀಟಿ ಹೊಡೆದಂತೆ ಗಾಳಿ ನುಗ್ಗಿತು. ಹಿಂದೆಯೇ ನೊರೆ. ನೊರೆ ಚಾವಣಿಗೆ ಹೊಡೆಯಿತು, ಒಣಹಾಕಿದ ಸೀರೆಗೆ ಹೊಡೆಯಿತು, ನನ್ನ ಕಣ್ಣಿನ ಔಷಧಿ ಇಟ್ಟ ಗೂಡಿಗೆ ಹೊಡೆಯಿತು. ಗಾಬರಿಯಲ್ಲಿ ಅವನು ನಲ್ಲಿಯನ್ನೂ ತಿರುಗಿಸಿದ. ಅದು ಕಿತ್ತುಕೊಂಡು ಗೋಡೆಗೆ ಬಡಿಯಿತು, ಇದ್ದದ್ದೆಲ್ಲ ನೆಲದ ಮೇಲೆ ಹರಿಯಿತು.

ಅವನು ಹಲಗೆ ಇಳಿಸಿದ. ಮುಖದಿಂದ ನೊರೆ ಸುರಿಯುತ್ತಿತ್ತು. ಹೆಂಡತಿಯನ್ನು ನೋಡಿದ.

"ಯಾಕ ಕಟ್ಟಿದಿ?"

"ಸೋರಾಕತ್ತಿತ್ರಿ."

"ಸೋರಿದ್ರ ನಿನಗೇನು? ನಿನಗ ಇದು ಕಂಡ್ರ ಆಗೂದಿಲ್ಲಲ್ಲ."

"ಅದು ಕಂಡ್ರ ಆಗೂದಿಲ್ಲ. ನೀವು ಮನಿಯಾಗ ಇದ್ರ ಆಕ್ಕೈತಿ," ಎಂದು ಸಿಡುಕಿ, ಸೀರೆ ಎತ್ತಿ ಕಟ್ಟಿ, ಕಸಬರಿಗೆ ತರಲು ಹೋದಳು.

ಅವನು ಚಪ್ಪಲಿ ಇನ್ನೂ ಬಿಟ್ಟಿರಲಿಲ್ಲ. ಹೊತ್ತು ಮುಳುಗುತ್ತಿತ್ತು, ಅಂಗಡಿಯ ಹೊತ್ತು. ಬಾಗಿಲ ಕಡೆ ನೋಡಿದ. ಅರವತ್ತು ದಾಟಿದ ಗಂಡಸಿಗೆ ಅಕ್ಕ ಅನ್ನುವುದಾದರೂ ಏನು?

ಬ್ಯಾರಲ್ಲಿನ ಉಬ್ಬಿದ ತಳದಲ್ಲಿ ಒಂದಿಷ್ಟು ಉಳಿದಿತ್ತು. ಬಗ್ಗಿಸಿ ಲೋಟಕ್ಕೆ ಹಿಡಿದ. ಅರ್ಧ ಲೋಟವೂ ಆಗಲಿಲ್ಲ, ಮಡ್ಡಿ ಬೇರೆ. ಅದನ್ನು ಹೆಂಡತಿಯ ಮುಂದೆ ಚಾಚಿದ. ಅವಳು ಮೂಸಿ, ಒಂದು ಗುಟುಕು ಕುಡಿದು, ಮೋರಿಗೆ ಉಗುಳಿದಳು.

"ಥೂ! ಹುಣಸಿಹಣ್ಣು ಕಿವುಚಿದ ನೀರು. ಇದಕ್ಕ ಇಷ್ಟು ಸಾಯ್ತೀರೇನು?"

"ಹೂಂ," ಎಂದು ಅವನು ಉಳಿದದ್ದನ್ನು ಕುಡಿದು, ಚಪ್ಪಲಿ ಬಿಟ್ಟು, ಚಾವಣಿ ಒರೆಸಲು ಸ್ಟೂಲ್ ಹತ್ತಿದ. "ಗಟ್ಟಿ ಹಿಡಿ, ಬಿದ್ದೇನು," ಎಂದ. ಅವಳು ಕಸಬರಿಗೆ ಕೆಳಗಿಟ್ಟು ಸ್ಟೂಲಿನ ಕಾಲು ಹಿಡಿದುಕೊಂಡಳು.